ಬೋಟಿನ ಪಾಲು ತಿಂದವರು ಯಾರು?

ದೇವಿದಾಸನ ಬೋಟು ಇನ್ನೊಂದು ಬೋಟಿನ ಹಿಂದೆ ಹಗ್ಗಕ್ಕೆ ಜೋತುಬಿದ್ದು ಬೈತಖೋಲ ಬಂದರಿಗೆ ಬಂತು. ಬೋಟುಗಳು ನಿಲ್ಲುವ ದಕ್ಕೆಯ ಮೇಲೆ ಮೀನಿನ ಬುಟ್ಟಿ ಹಿಡಿದು ಕಾಯುತ್ತಿದ್ದ ಅವನ ಹೆಂಡತಿ ಕಾಶಿ ಅಂಚಿಗೆ ಓಡಿಬಂದಳು. ಹೋಗುವಾಗ ಗುಡುಗುಡು ಸದ್ದು ಮಾಡುತ್ತ ಗತ್ತಿನಲ್ಲಿ ಹೋದ ಬೋಟು ಅದು! ದೇವಿದಾಸ ದಕ್ಕೆ ಹತ್ತಿ ಬಂದ. ಮುಖ ಕಪ್ಪಿಟ್ಟಿತ್ತು.

"ಎಂತಾತು?" ಎಂದಳು ಕಾಶಿ.

"ಎಂಜಿನ್ ಕೂತ್ಬಿಡ್ತು. ಒಂದ್ಸಲ ಗಕ್ ಅಂತು, ಆಮೇಲೆ ಉಸಿರೇ ಇಲ್ಲ. ಬೀರಾನ ಬೋಟು ಆ ಕಡೆ ಬರದೇ ಇದ್ರೆ ಇಷ್ಟೊತ್ತಿಗೆ ನಾವು ಎಲ್ಲಿ ತೇಲ್ತಿದ್ವೋ ಏನೋ."

ಕಾಶಿ ಮೊದಲು ದೇವರಿಗೆ ಕೈಮುಗಿದಳು. ಆಮೇಲೆ ಎಂಜಿನ್ನಿಗೆ ಬಾಯಿ ತುಂಬ ಶಾಪ ಹಾಕಿದಳು. ಇಂಥ ದಿನವೇ ಕೈಕೊಡಬೇಕಾ? ಬೇರೆ ನಾಲ್ಕು ಬೋಟಿಗೆ ಬಂಗಡೆ ಮೀನು ಸಿಕ್ಕಿದ ದಿನವೇ?

ಮಾರನೇ ದಿನ ದೇವಿದಾಸ ವಿಚಾರಿಸಿಕೊಂಡು ಬಂದ. ಹೊಸ ಎಂಜಿನ್ನಿಗೆ ಮೂರು ಲಕ್ಷವಂತೆ! ಅಂಕೋಲೆಯಲ್ಲಿ ಒಬ್ಬ ಸಾಹುಕಾರ ಸಾಲ ಕೊಡುತ್ತಾನೆ, ಆದರೆ ಮನೆಯ ಕಾಗದ ಅವನ ಕೈಲಿಡಬೇಕು ಎಂದ ದೇವಿದಾಸ.

"ಮನೆ ಕಾಗದವಾ?"

"ಮತ್ತೆಂತ ಮಾಡೂದು? ಶನಿವಾರ ಹೋಗಿ ಕೊಟ್ಟು ಬತ್ತೆ. ಬೋಟು ನಡೀದೇ ಇದ್ರೆ ಮನೆಯೊಳಗೆ ಕೂತು ಗೋಡೆ ನೆಕ್ಕೂದಾ?"

ಕಾಶಿಯ ಮಾವ ಒಂದೊಂದೇ ಕಲ್ಲು ಹೊತ್ತು ಕಟ್ಟಿದ ಮನೆ. ಈ ಮನೆಯ ಕಾಗದ ಇದುವರೆಗೆ ಹೊಸಿಲು ದಾಟಿದ್ದಿಲ್ಲ.

ಜಗಲಿಯಲ್ಲಿ ಮಗಳು ವಿನುತಾ ಓದುತ್ತ ಕೂತಿದ್ದಳು. ಬೆಳಗಾವಿಯಲ್ಲಿ ಮೂರನೇ ವರ್ಷದ ಇಂಜಿನಿಯರಿಂಗ್ ಓದುವವಳು ಪರೀಕ್ಷೆಗೆ ಮೊದಲಿನ ರಜೆಯಲ್ಲಿ ಮನೆಗೆ ಬಂದಿದ್ದಳು. ಕಾಶಿ ಸಂಕಟವನ್ನೆಲ್ಲ ಹೊತ್ತುಕೊಂಡು ಅವಳ ಪಕ್ಕ ಹೋಗಿ ಕೂತಳು.

"ನೀ ಇಂಜಿನಿಯರ್ ಅಲ್ಲನೇ? ನಿನ್ನ ಪುಸ್ತಕದಲ್ಲಿ ಎಂಜಿನ್ ರಿಪೇರಿ ಇದ್ಯಾ ನೋಡೇ ಮಾರಾಯ್ತಿ."

"ಇದರಲ್ಲಿ ರಿಪೇರಿ ಇಲ್ಲ ಆಯಿ. ಬಡ್ಡಿ, ಸವಕಳಿ, ಉಳಿತಾಯ. ದುಡ್ಡಿನ ಲೆಕ್ಕ."

ಕಾಶಿ ಬಾಯಿ ಬಿಟ್ಟಳು. "ಅಯ್ಯೋ ದೇವರೇ! ಅಷ್ಟು ಫೀಸು ಕಟ್ಟಿಸ್ಕೊಂಡು ಕಲಿಸೂದು ಇದನ್ನಾ? ಬಡ್ಡಿ ಲೆಕ್ಕ ಬೇಕಾಗಿದ್ರೆ ನಮ್ಮ ಮಹಿಳಾ ಸಂಘದ ಸುಬ್ಬಿ ಪುಕ್ಕಟೆ ಕಲಿಸ್ತಿದ್ದಳಲ್ಲೇ!"

ವಿನುತಾ ನಕ್ಕಳು. "ಯಂತ್ರ ಮಾಡೂಕೆ ಬಂದ್ರೆ ಸಾಕಾಗೂದಿಲ್ಲ ಆಯಿ. ಯಂತ್ರಕ್ಕೆ ಹಾಕಿದ ದುಡ್ಡು ವಾಪಸ್ ಬರ್ತದಾ, ಅದು ಸತ್ತಾಗ ಇನ್ನೊಂದು ತರೂಕೆ ದುಡ್ಡು ಎಲ್ಲಿಂದ ಬರೂದು, ಅದನ್ನೂ ಇಂಜಿನಿಯರೇ ನೋಡಬೇಕು."

"ಸಾಯೂದು ಅದರ ಹಣೆಬರಹ. ನಮ್ಮ ಗ್ರಹಚಾರ."

"ಗ್ರಹಚಾರ ಎಂತದು? ಎಂಟು ವರ್ಷ ಎಳೀತದೆ ಅಂತ ಎಂಜಿನ್ ತಂದ ದಿನವೇ ರಿಪೇರಿ ಮೇಸ್ತ್ರಿ ಹೇಳಿದ್ನಂತಲ್ಲ. ಹೌದಾ ಅಪ್ಪಾ?"

"ಹೇಳಿದ್ದ, ಹೇಳಿದ್ದ," ಎಂದು ಒಳಗಿನಿಂದ ದೇವಿದಾಸ ಗೊಣಗಿದ. "ಅವ ಹೇಳಿದ ಹಾಗೇ ಆಯ್ತು, ಹಾಳಾದ್ದು."

ವಿನುತಾ ಪುಸ್ತಕ ಮಡಚಿದಳು. "ಹಾಗಾದ್ರೆ ಒಂದು ಕೇಳ್ತೆ. ಮೀನು ಮಾರಿದ ದುಡ್ಡಲ್ಲಿ ಡೀಸೆಲ್ಲು, ಮಂಜುಗಡ್ಡೆಯ ಖರ್ಚು ಕಳೆದು ಪಾಲು ಹಾಕ್ತೀರಲ್ಲ. ಯಾರ್‍ಯಾರಿಗೆ?"

ಇದನ್ನು ಕೇಳಬೇಕಾ? ಬಂದರಿನಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು. ದೇವಿದಾಸ ಹೊರಗೆ ಬಂದೇ ಹೇಳಿದ: "ಬೋಟಿಗೊಂದು ಪಾಲು. ಬೋಟು ನಡೆಸೂ ತಾಂಡೇಲ ನಾನು, ನನಗೊಂದು. ಉಳಿದದ್ದು ಬಲೆ ಎಳೆಯೂ ಖಲಾಸಿಗಳಿಗೆ."

"ಬೋಟಿನ ಪಾಲು ಎಲ್ಲಿ ಹೋಗ್ತದೆ?"

"ಎಲ್ಲಿ ಹೋಗ್ತದೆ ಅಂದ್ರೆ? ನಿಮ್ಮ ಆಯಿ ಕೈಗೆ. ಬೋಟು ನಂದು, ಅದರ ಪಾಲೂ ನಂದೇ. ಯಾರು ಕೇಳೂದು?"

"ಖಲಾಸಿ ಸೋಮುವಿನ ಪಾಲು ನೀ ತಿಂತ್ಯಾ ಅಪ್ಪಾ?"

"ಥೂ! ಎಂತಾ ಮಾತಾಡ್ತ್ಯೇ? ಅದು ಅವನ ಬೆವರು!"

"ಬೋಟು ದುಡೀಲಿಲ್ವಾ? ಹಿಂದಿನವರು ಅದಕ್ಕೂ ಒಂದು ಪಾಲು ಇಟ್ಟದ್ದು ಎಂತಕೆ? ಅದು ಸವೀತದೆ, ಅದರ ಸವಕಳಿ ಅದಕ್ಕೇ ಸೇರಬೇಕು ಅಂತ. ನನ್ನ ಪುಸ್ತಕದಲ್ಲೂ ಅದೇ ಇದೆ."

ಕಾಶಿ ಒಮ್ಮೆ ಗಂಡನ ಮುಖ ನೋಡಿದಳು, ಒಮ್ಮೆ ಮನೆಯೊಳಗೆ ನೋಡಿದಳು. ಒಳಗೆ ಕಲರ್ ಟೀವಿ. ನೆಲಕ್ಕೆ ಹೊಳೆಯುವ ಟೈಲ್ಸು. ತವರಿನ ಮದುವೆಗೆ ಒಂದು ತೂಕ ಹೆಚ್ಚೇ ಇರಲಿ ಎಂದು ಕೊಟ್ಟ ಉಡುಗೊರೆ. ತನ್ನ ಕೊರಳಿನ ಸರ. ಪ್ರತಿ ಸಲವೂ ತಾನೇ ಹೇಳಿದ್ದಳು: ಬೋಟಿನ ದುಡ್ಡು ಇದೆಯಲ್ಲ, ತರುವಾ!

"ಅಯ್ಯಯ್ಯೋ!" ಎಂದಳು ಕಾಶಿ. "ನಾವು ಎಂಜಿನ್ನೇ ತಿಂದ್ವಲ್ಲೇ ಮಗಾ!"

"ಅದಕ್ಕಿಂತ ದೊಡ್ಡದು ಉಂಟು," ಎಂದ ದೇವಿದಾಸ ಮೆಲ್ಲಗೆ. ಹೇಳಬಾರದಿತ್ತೋ ಏನೋ, ಬಾಯಿಂದ ಬಂದುಬಿಟ್ಟಿತು. "ಇವಳ ಮೂರು ವರ್ಷದ ಫೀಸು."

ಈ ಸಲ ಬೆಚ್ಚಿಬಿದ್ದವಳು ವಿನುತಾ. ಸವಕಳಿಯ ಪ್ರಶ್ನೆಗೆ ಕ್ಲಾಸಿನಲ್ಲಿ ಎಲ್ಲರಿಗಿಂತ ಹೆಚ್ಚು ಮಾರ್ಕ್ಸ್ ತೆಗೆದವಳು! ಆ ಕ್ಲಾಸಿನ ಫೀಸು ಎಲ್ಲಿಂದ ಬಂತೆಂದು ಒಂದು ದಿನವೂ ಕೇಳಿರಲಿಲ್ಲ. ಅವಳ ಕಣ್ಣು ತುಂಬಿತು.

"ಫೀಸಿನ ಸುದ್ದಿ ತೆಗೀಬೇಡಿ," ಎಂದು ಕಾಶಿ ಗಂಡನ ಮೇಲೆ ಹರಿಹಾಯ್ದಳು. "ಅವಳ ಓದು ಬಿಡಿಸ್ತೆ ಅಂದ್ರೆ ನಾ ಈ ಮನೇಲಿ ಇರೂದಿಲ್ಲ!"

"ಬಿಡಿಸ್ತೆ ಅಂತ ಯಾರು ಅಂದ್ರು?" ದೇವಿದಾಸ ಅಷ್ಟು ಸುಲಭಕ್ಕೆ ಸೋಲುವವನಲ್ಲ. "ಆಯ್ತು ಇಂಜಿನಿಯರಮ್ಮ, ಎಷ್ಟು ಎತ್ತಿಡಬೇಕಿತ್ತು ಹೇಳು. ಆ ಎಂಜಿನ್ನಿಗೆ ಕೊಟ್ಟದ್ದು ಎರಡು ಲಕ್ಷ ನಲವತ್ತು ಸಾವಿರ."

ವಿನುತಾ ಕಣ್ಣೊರೆಸಿಕೊಂಡಳು. "ಮಳೆಗಾಲದಲ್ಲಿ ಮೀನುಗಾರಿಕೆ ಬಂದ್ ಇರೂ ಎರಡು ತಿಂಗಳು ಬಿಟ್ಟು ವರ್ಷಕ್ಕೆ ಹತ್ತು ತಿಂಗಳು ದುಡಿಮೆ. ಎಂಟು ವರ್ಷ. ತಿಂಗಳಿಗೆ ಬರೇ ಮೂರು ಸಾವಿರ."

"ಅಷ್ಟೇನಾ?"

"ಅಷ್ಟೇ. ಸೊಸೈಟಿಲಿ ಇಟ್ಟಿದ್ರೆ ಬಡ್ಡಿ ಸೇರಿ ಈಗ ಹೆಚ್ಚುಕಮ್ಮಿ ಮೂರು ಲಕ್ಷ. ಎಂಜಿನ್ನಿನ ರೇಟು ಏರಿದ್ದಕ್ಕೂ ಸರಿಯಾಗ್ತಿತ್ತು. ಸಾಹುಕಾರನ ಬಡ್ಡಿ ಎಷ್ಟಪ್ಪಾ?"

"ನೂರಕ್ಕೆ ಮೂರು ರೂಪಾಯಿ. ಅಷ್ಟೇನು ಹೆಚ್ಚಲ್ಲ."

"ಸಾಹುಕಾರ ಹೇಳೂದು ತಿಂಗಳಿಗೆ ಮೂರು, ವರ್ಷಕ್ಕಲ್ಲ! ಮೂರು ಲಕ್ಷಕ್ಕೆ ತಿಂಗಳಿಗೆ ಒಂಬತ್ತು ಸಾವಿರ. ಬರೇ ಬಡ್ಡಿ. ಅಸಲು ಹಾಗೇ ಇರ್ತದೆ. ಮಳೆಗಾಲದಲ್ಲಿ ಬೋಟು ದಡದಲ್ಲಿ ಇರ್ತದೆ, ಬಡ್ಡಿ ದಡದಲ್ಲಿ ಇರ್ತದಾ?"

ದೇವಿದಾಸ ಗೋಡೆಗೆ ಒರಗಿದ. ಕೈಯಲ್ಲಿದ್ದ ಬೀಡಿ ತಾನಾಗಿ ಆರಿಹೋಗಿತ್ತು. ಮೂರು ಸಾವಿರ ಎತ್ತಿಡಲಾಗದೆ ಒಂಬತ್ತು ಸಾವಿರ ಕೊಡಲು ಹೊರಟಿದ್ದ, ಅದೂ ಅಪ್ಪ ಕಟ್ಟಿದ ಮನೆಯನ್ನು ಒತ್ತೆಯಿಟ್ಟು! "ನಾ ಎಂತಾ ಮಳ್ಳ," ಎಂದು ತನ್ನ ಹಣೆ ತಾನೇ ಬಡಿದುಕೊಂಡ.

"ಮುಗಿದದ್ದು ಮುಗೀತು. ಹೊಸದೇ ಬೇಕಾ, ಹಳೇದನ್ನು ಬಿಚ್ಚಿ ಸವೆದ ಸಿಲಿಂಡರು ಬೋರು ಮಾಡಿಸಿದ್ರೆ ಎಷ್ಟು ದಿನ ಎಳೀತದೆ, ಮೇಸ್ತ್ರಿಯನ್ನ ಕೇಳಿದ್ರಾ?"

ಕೇಳಿರಲಿಲ್ಲ. ಎಂಜಿನ್ ಕೂತಿತೆಂದರೆ ಹೊಸದು, ಹೊಸದೆಂದರೆ ಸಾಲ, ಸಾಲವೆಂದರೆ ಸಾಹುಕಾರ. ತಲೆ ಅಷ್ಟೇ ಓಡಿತ್ತು. ಸಂಜೆಯೊಳಗೆ ಮೇಸ್ತ್ರಿ ರೋಷನ ಬಂದು ಎಂಜಿನ್ ಬಿಚ್ಚಿದ. "ಬ್ಲಾಕು ಗಟ್ಟಿ ಇದೆ ದೇವಿದಾಸಣ್ಣ. ಎಪ್ಪತ್ತು ಸಾವಿರ ಹಾಕಿದ್ರೆ ಎರಡು ಸೀಸನ್ ಎಳೀತದೆ. ಅದರ ಮೇಲೆ ನನ್ನ ಕೇಳಬೇಡಿ."

ಮೂರು ಲಕ್ಷದ ಸಾಲ ಹೊತ್ತು ಹೊಸ ಎಂಜಿನ್ನೋ, ಎಪ್ಪತ್ತು ಸಾವಿರದಲ್ಲಿ ಎರಡು ಸೀಸನ್ನೋ? ವಿನುತಾ ಎರಡನ್ನೂ ಅಪ್ಪನ ಮುಂದೆ ತೂಗಿ ತೋರಿಸಿದಳು. ಆ ಎರಡು ಸೀಸನ್ನಿನಲ್ಲಿ ಬೋಟಿನ ಪಾಲನ್ನು, ಬರೇ ಮೂರು ಸಾವಿರವಲ್ಲ, ಪೂರ್ತಿ ಎತ್ತಿಟ್ಟರೆ ಹೊಸ ಎಂಜಿನ್ನಿಗೆ ಅರ್ಧ ದುಡ್ಡಾದರೂ ಆಗುತ್ತದೆ. ಉಳಿದದ್ದಕ್ಕೆ ಬ್ಯಾಂಕಿದೆ. ಅವಳ ಕೊನೇ ವರ್ಷದ ಫೀಸಿಗೂ ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಸಿಗುತ್ತದೆ. "ಅದನ್ನ ನಾ ದುಡಿದು ತೀರಿಸ್ತೆ," ಎಂದಳು.

"ಎಪ್ಪತ್ತು ಸಾವಿರ ಆದ್ರೂ ಎಲ್ಲಿಂದ?" ಎಂದ ದೇವಿದಾಸ.

ಕಾಶಿ ಕೊರಳಿಗೆ ಕೈಹಾಕಿ ಸರ ಬಿಚ್ಚಿದಳು. ಅದನ್ನು ಹಾಕಿಕೊಂಡು ಅಂಕೋಲೆಯ ತವರಿಗೆ ಹೋದ ದಿನ ಅಕ್ಕ ಸುಮಲತಾ ಮುಟ್ಟಿ ಮುಟ್ಟಿ ನೋಡಿದ್ದು ನೆನಪಾಯಿತು. ಕೊಡಲು ಮನಸ್ಸಿರಲಿಲ್ಲ, ಸುಳ್ಳು ಯಾಕೆ ಹೇಳಬೇಕು. ಆದರೂ ಗಂಡನ ಅಂಗೈಯಲ್ಲಿ ಇಟ್ಟೇಬಿಟ್ಟಳು.

"ಬೋಟಿನ ದುಡ್ಡಲ್ಲಿ ಬಂದದ್ದು. ಬೋಟಿಗೇ ಹೋಗ್ಲಿ. ಸಾಲದಿದ್ದದ್ದು ನಮ್ಮ ಸಂಘದಿಂದ ತೆಗಿತೆ, ಅಲ್ಲಿ ಬಡ್ಡಿ ಕಮ್ಮಿ. ಮನೆ ಕಾಗದ ಮಾತ್ರ ಪೆಟ್ಟಿಗೆ ಬಿಟ್ಟು ಏಳಬಾರದು."

ಶನಿವಾರ ಬಂತು. ದೇವಿದಾಸ ಅಂಕೋಲೆಯ ಬಸ್ಸು ಹತ್ತಲಿಲ್ಲ.

ಬೋಟು ಮತ್ತೆ ಗುಡುಗುಟ್ಟಿ ಕಡಲಿಗಿಳಿದು, ಮೀನು ತಂದು, ಮಾರಿ, ಪಾಲು ಹಾಕಿದ ದಿನ ದೇವಿದಾಸ ರೂಢಿಯಂತೆ ಎರಡು ಪಾಲನ್ನೂ ಒಟ್ಟಿಗೆ ಹೆಂಡತಿಯ ಕೈಗೆ ತುರುಕಿದ. ಕಾಶಿ ಅಲ್ಲೇ ದಕ್ಕೆಯ ಮೇಲೆ ಬುಟ್ಟಿ ಇಳಿಸಿ ಎರಡನ್ನೂ ಬೇರೆ ಮಾಡಿದಳು. ತಾಂಡೇಲನ ಪಾಲು ಸೊಂಟದ ಚೀಲಕ್ಕೆ ಹೋಯಿತು. ಬೋಟಿನ ಪಾಲನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನೆಟ್ಟಗೆ ಸೊಸೈಟಿಯ ಕಡೆ ನಡೆದಳು.

"ಬಂಗಡೆಗೆ ಮಸಾಲೆ ತರೂಕೆ ಅದರಲ್ಲೇ ಹತ್ತು ರೂಪಾಯಿ ತೆಗೀಬಾರದಾ?" ಎಂದು ದೇವಿದಾಸ ಹಿಂದಿನಿಂದ ಕೂಗಿದ.

"ಪರರ ದುಡ್ಡು ಮುಟ್ಟೂದಿಲ್ಲ!" ಎಂದಳು ಕಾಶಿ, ತಿರುಗಿ ನೋಡದೆ.

ಅಕ್ಕಂದಿರೇ, ಅಣ್ಣಂದಿರೇ, ಓದುವ ಮಕ್ಕಳೇ, ಈಗ ನಿಮ್ಮ ಮನೆ ನೋಡಿಕೊಳ್ಳಿ. ನಿಮಗಾಗಿ ದುಡಿಯುವ ಯಂತ್ರ ಯಾವುದು? ಬೋಟೋ, ರಿಕ್ಷಾವೋ, ಹೊಲಿಗೆ ಯಂತ್ರವೋ, ಹಿಟ್ಟಿನ ಗಿರಣಿಯೋ? ಅದು ದಿನವೂ ಒಂದಿಷ್ಟು ಸವೆಯುತ್ತದೆ. ಎಷ್ಟು ವರ್ಷ ಬಾಳುತ್ತದೆ ಎಂದು ಇವತ್ತೇ ಕೇಳಿ, ತಿಂಗಳಿಗೆ ಅದರ ಪಾಲೆಷ್ಟು ಎಂದು ಲೆಕ್ಕ ಹಾಕಿ, ಮನೆಖರ್ಚಿಗೆ ಮೊದಲೇ ಎತ್ತಿಡಿ. ಸಾಲ ತೆಗೆಯಲೇಬೇಕೆಂದರೆ ಬಡ್ಡಿ ತಿಂಗಳಿಗೋ ವರ್ಷಕ್ಕೋ ಎಂದು ಕೇಳದೆ ಹೆಬ್ಬೆಟ್ಟು ಒತ್ತಬೇಡಿ. ಲೆಕ್ಕ ಬಾರದಿದ್ದರೆ ಮನೆಯಲ್ಲಿ ಓದುವ ಮಗಳನ್ನು ಕೇಳಿ, ಅವಳು ಕಲಿತದ್ದು ಪರೀಕ್ಷೆಗೆ ಮಾತ್ರ ಅಲ್ಲ.

ಸೋಮುವಾದರೆ ಪಾಲು ಕೊಡದಿದ್ದ ದಿನವೇ ಬಾಗಿಲಿಗೆ ಬಂದು ಜಗಳಾಡುತ್ತಾನೆ. ಯಂತ್ರಕ್ಕೆ ಬಾಯಿಲ್ಲ. ಅದು ತನ್ನ ಪಾಲು ಕೇಳುವ ದಿನ ನೀವು ನಡುಕಡಲಲ್ಲಿರುತ್ತೀರಿ.