ಸುಟ್ಟ ದಾರದ ತುದಿ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಹೊಲಿಗೆಯಕ್ಕ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷ ಶೂ ಕಾರ್ಖಾನೆಯಲ್ಲಿ ಮಿಷನ್ನಿನ ಮುಂದೆ ಬೆನ್ನು ಬಗ್ಗಿಸಿ, ಆಮೇಲೆ ಈ ಸಂಸ್ಥೆಗೆ ಬಂದವಳು. ಚಪ್ಪಲಿ, ಶೂ ಮಾಡುವ ಕಂಪನಿಗಳು ನೆಲ ನೀರನ್ನು ಎಷ್ಟು ಕೆಡಿಸುತ್ತವೆ, ಕೆಲಸದವರನ್ನು ಹೇಗೆ ನಡೆಸಿಕೊಳ್ಳುತ್ತವೆ ಎಂದು ಕಣ್ಣಾರೆ ನೋಡಿ ಹಸಿರು, ಹಳದಿ, ಕೆಂಪು ಗುರುತು ಕೊಡುವುದು ಸಂಸ್ಥೆಯ ಕೆಲಸ. ಜನ ಆ ಗುರುತು ನೋಡಿಯೇ ಶೂ ಕೊಳ್ಳುತ್ತಿದ್ದರು. ಹಾಗಾಗಿ ಹಸಿರೆಂದರೆ ಕಂಪನಿಗಳು ಬಾಯಿ ಬಾಯಿ ಬಿಡುತ್ತಿದ್ದವು.

ಆ ಸಲ ಮೇಜಿಗೆ ಬಂದದ್ದು ದೊಡ್ಡ ಕಂಪನಿಯೊಂದರ ಇನ್ನೂರು ಪುಟದ ವರದಿ. ಹಳೆಯ ಟೈರಿನಿಂದ ಮಾಡಿದ ಸೋಲ್, ಬಣ್ಣದ ನೀರನ್ನು ಶುದ್ಧಮಾಡುವ ತೊಟ್ಟಿ, ಚಾವಣಿ ತುಂಬ ಸೋಲಾರ್. ನೀರು ಗಾಳಿಯ ಭಾಗ ನೋಡಿಕೊಳ್ಳುವ ಎಂಜಿನಿಯರ್ ಹುಡುಗಿ ಒಂದು ವಾರ ಅದನ್ನೆಲ್ಲ ಜಾಲಾಡಿ, ಒಂದಕ್ಷರವೂ ಸುಳ್ಳಲ್ಲ ಎಂದಳು. ಸಂಸ್ಥೆಯ ಮುಖ್ಯಸ್ಥೆ ಹಸಿರು ಕೊಡಲು ತಯಾರಾಗಿಯೇ ಕೂತಿದ್ದರು.

ಹೊಲಿಗೆಯಕ್ಕನಿಗೆ ವರದಿ ಓದುವುದೆಂದರೆ ತಲೆನೋವು. ಅವಳು ಓದುತ್ತಿದ್ದದ್ದು ಶೂಗಳನ್ನು. ಕಂಪನಿ ಕಳಿಸಿದ್ದ ಹೊಸ ಜೊತೆಯಲ್ಲಿ ಒಂದನ್ನು ಮಡಿಲಲ್ಲಿಟ್ಟುಕೊಂಡು ಚಾಕುವಿನಿಂದ ಒಳಗಿನ ಅಸ್ತರು ಬಿಚ್ಚಿದಳು. ಹೊಲಿಗೆ ಮುಗಿದ ಕಡೆ ದಾರದ ತುದಿ ಕರಗಿ ಕಪ್ಪು ಮಣಿಯಂತಾಗಿತ್ತು. ಕಾರ್ಖಾನೆಯ ಮಿಷನ್ನು ದಾರವನ್ನು ತಾನೇ ಕತ್ತರಿಸುತ್ತದೆ. ತುದಿಯನ್ನು ಬೆಂಕಿಗೆ ಹಿಡಿದು ಸುಡುವುದು ಮನೆಯಲ್ಲಿ ಕೂತು ಹೊಲಿಯುವವರು ಮಾತ್ರ. ಅವಳ ಅವ್ವ ಹಾಗೇ ಮಾಡುತ್ತಿದ್ದಳು. ಮೇಣದಬತ್ತಿ ಹಿಡಿದುಕೊಂಡು ಕೂರುವುದು ಮಗಳ ಪಾಲಿನ ಕೆಲಸವಾಗಿತ್ತು.

ವರದಿಯ ಎಂಬತ್ತೊಂದನೇ ಪುಟದಲ್ಲಿ, ಎಲ್ಲ ಕೆಲಸವೂ ನಮ್ಮ ಸೂರಿನಡಿಯೇ ನಡೆಯುತ್ತದೆ ಎಂದು ಬರೆದಿತ್ತು.

ಹೊಲಿಗೆಯಕ್ಕ, ಎಂಜಿನಿಯರ್ ಹುಡುಗಿ ಇಬ್ಬರೂ ಕಾರ್ಖಾನೆಗೆ ಹೋದರು. ಸೂಟು ತೊಟ್ಟ ಸಾಹೇಬರೊಬ್ಬರು ಬಾಗಿಲಲ್ಲೇ ಎದುರುಗೊಂಡರು. ಕಂಪನಿಯ ಒಳ್ಳೆಯತನವನ್ನು, ಎಂದರೆ ನೀರು, ಗಾಳಿ, ಕೆಲಸದವರ ಕ್ಷೇಮವನ್ನು, ನೋಡಿಕೊಳ್ಳುವುದೇ ಅವರ ಹುದ್ದೆ. ಮನುಷ್ಯ ಕೆಟ್ಟವರೇನಲ್ಲ, ತಮ್ಮ ತೊಟ್ಟಿಗಳನ್ನು ತೋರಿಸುವಾಗ ಮೊಮ್ಮಕ್ಕಳನ್ನು ತೋರಿಸುವ ಅಜ್ಜನ ಹಾಗೆ ಹಿಗ್ಗುತ್ತಿದ್ದರು. ಹೊಲಿಗೆಯ ಹಜಾರದಲ್ಲಿ ಗಾಳಿ ಬೆಳಕು ಚೆನ್ನಾಗಿತ್ತು, ಕುರ್ಚಿಗಳಿಗೆ ಬೆನ್ನಿತ್ತು. ಕೆಲಸದವರನ್ನು ಏನು ಕೇಳಿದರೂ ಬಾಯಿಪಾಠ ಒಪ್ಪಿಸಿದಂತೆ ಒಂದೇ ಉತ್ತರ ಬರುತ್ತಿತ್ತು.

ಹೊಲಿಗೆಯಕ್ಕ ಮಿಷನ್ನುಗಳನ್ನು ಎಣಿಸಿದಳು. ನಲವತ್ತು. ಆಮೇಲೆ, ಒಂದು ಮಿಷನ್ನಿನಲ್ಲಿ ತಾನು ಕೂರಬಹುದೇ ಎಂದು ಕೇಳಿದಳು. ಸಾಹೇಬರು ನಕ್ಕು ಜಾಗ ಮಾಡಿಸಿಕೊಟ್ಟರು. ಅವಳು ಸೆರಗು ಸಿಕ್ಕಿಸಿಕೊಂಡು ಕೂತು, ಶೂವಿನ ಮೇಲ್ಭಾಗವೊಂದನ್ನು ಹಿಮ್ಮಡಿಯಿಂದ ಮೂತಿಯವರೆಗೆ ಎಲ್ಲೂ ತಡೆಯದೆ ಹೊಲಿದಳು. ಸುತ್ತಲಿನ ಮಿಷನ್ನುಗಳು ಒಂದೊಂದಾಗಿ ನಿಂತವು. ಪಕ್ಕದಲ್ಲಿದ್ದ ನರೆತ ಕೂದಲಿನ ಹೆಂಗಸು ಆ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದಳು.

"ಸಾಹೇಬ್ರೇ, ನಾನು ಕೈ ಚುರುಕಾಗಿದ್ದ ಕಾಲದಲ್ಲೂ ದಿನಕ್ಕೆ ಮೂವತ್ತು ಜೊತೆ ದಾಟಿಸಿದವಳಲ್ಲ," ಎಂದಳು ಹೊಲಿಗೆಯಕ್ಕ. "ನಲವತ್ತು ಮಿಷನ್ನಿಗೆ ಸಾವಿರದ ಇನ್ನೂರು ಆಯ್ತು. ಆ ಗೋಡೆ ಮೇಲಿನ ನಿಮ್ಮ ಬೋರ್ಡಲ್ಲಿ ನಿನ್ನೆ ಮೂರು ಸಾವಿರ ಜೊತೆ ಅಂತ ಬರೆದಿದೆ. ಮಿಕ್ಕಿದ್ದನ್ನ ಯಾರು ಹೊಲಿದ್ರು?"

ರಾತ್ರಿ ಪಾಳಿಯವರಿರಬೇಕು ಎಂದುಬಿಟ್ಟರು ಸಾಹೇಬರು, ಯೋಚಿಸದೆ. ಎಂಜಿನಿಯರ್ ಹುಡುಗಿ ವರದಿಯ ಒಂದು ಪುಟ ತೆಗೆದು ಅವರ ಮುಂದೆ ಹಿಡಿದಳು. ನಮ್ಮಲ್ಲಿ ರಾತ್ರಿ ಪಾಳಿ ಇಲ್ಲವೇ ಇಲ್ಲ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಸಾಹೇಬರು ಅದನ್ನು ಎರಡು ಸಲ ಓದಿದರು. ಬರೆಸಿದವರು ಅವರೇ. ಅವರ ಮುಖ ನೋಡಿದರೆ ಸುಳ್ಳು ಹೇಳಿದವರ ಹಾಗಿರಲಿಲ್ಲ, ತಾವೇ ಮೋಸಹೋದವರ ಹಾಗಿತ್ತು.

ಹೊಲಿಗೆಯಕ್ಕ ಏಳುವಾಗ ನರೆತ ಕೂದಲಿನ ಹೆಂಗಸು ತಲೆಯೆತ್ತದೆ ಮೆಲ್ಲಗೆ, "ಬಸ್ ಡಿಪೋ ಹಿಂದೆ, ನೀಲಿ ಬಾಗಿಲು," ಎಂದಳು.

ನೀಲಿ ಬಾಗಿಲಿನ ಹಿಂದೆ ಉದ್ದನೆಯ ಕೋಣೆಯಲ್ಲಿ ಹನ್ನೊಂದು ಹೆಂಗಸರು ನೆಲದ ಮೇಲೆ ಕೂತು ಹೊಲಿಯುತ್ತಿದ್ದರು. ಧೂಳು ಬಂದು ಅಂಟು ಕೆಡಬಾರದೆಂದು ಕಿಟಕಿಗಳನ್ನು ಮುಚ್ಚಿದ್ದರು. ತೆರೆದ ಅಂಟಿನ ಡಬ್ಬದ ವಾಸನೆಗೆ ಎಂಜಿನಿಯರ್ ಹುಡುಗಿಯ ಕಣ್ಣಲ್ಲಿ ನೀರು ಬಂತು. ಅವರಲ್ಲಿ ಹಿರಿಯವಳನ್ನು ಎಲ್ಲರೂ ಚಿಕ್ಕಮ್ಮ ಎನ್ನುತ್ತಿದ್ದರು. ಆ ಅಂಟಿನಿಂದಲೇ ಅವಳ ಬೆರಳ ತುದಿಗಳು ಜೋಮು ಹಿಡಿದು ವರ್ಷವಾಗಿತ್ತು. ಸೂಜಿ ಚುಚ್ಚಿದರೂ ರಕ್ತ ಕಂಡ ಮೇಲೇ ತಿಳಿಯುವುದು. ಇಂಥ ಕೋಣೆಗಳು ಈ ಬೀದಿಯಲ್ಲೇ ಹತ್ತಾರಿವೆ ಎಂದು ಅವಳೇ ಹೇಳಿದಳು. ಹೊಲಿಯುವ ಭಾಗಗಳ ಚೀಲ ತಂದುಕೊಡುವ ಗುತ್ತಿಗೆದಾರನ ಹೊರತು ಕಂಪನಿಯವರ ಮುಖವನ್ನು ಅವರು ಕಂಡಿರಲಿಲ್ಲ.

ಹೊಲಿಗೆಯಕ್ಕ ಬರೆದುಕೊಳ್ಳಲು ಪುಸ್ತಕ ತೆರೆದದ್ದೇ ತಡ, ಚಿಕ್ಕಮ್ಮ ಅವಳ ಕೈ ಹಿಡಿದಳು.

"ನೀನು ಬರ್ಕೊಂಡು ಹೋಗ್ತೀಯ ತಾಯಿ. ನಾಳೆ ನಮಗೆ ಚೀಲ ಬರೋದು ನಿಲ್ಲುತ್ತೆ. ಆಮೇಲೆ ಈ ಹನ್ನೊಂದು ಜನ ಏನು ಮಾಡ್ಬೇಕು, ಅದನ್ನೂ ಬರೀತೀಯಾ?"

ಚಿಕ್ಕಮ್ಮ ಹೇಳಿದ್ದು ನಿಜವೇ. ಕೆಂಪು ಗುರುತು ಬಿದ್ದ ಮರುದಿನ ಕಂಪನಿ ಕೈತೊಳೆದುಕೊಳ್ಳುತ್ತದೆ, ಬಾಗಿಲು ಮುಚ್ಚುವುದು ಇವರ ಪಾಲಿಗೆ. ಹೊಲಿಗೆಯಕ್ಕ ಪುಸ್ತಕ ಮುಚ್ಚಿ ನೆಲದ ಮೇಲೆ ಕೂತಳು. ಏನಾದರೆ ನಿಮಗೆ ಒಳ್ಳೆಯದು ಎಂದು ಕೇಳಿದಳು. ಒಬ್ಬಳು ಶುರುಮಾಡಿದ ಮೇಲೆ ನಿಲ್ಲಿಸುವವರೇ ಇರಲಿಲ್ಲ. ಸಂಜೆಯ ಹೊತ್ತಿಗೆ ಎಂಜಿನಿಯರ್ ಹುಡುಗಿಯ ಕೈಯಲ್ಲಿ ಆರು ಪುಟವಿತ್ತು.

ಮುಖ್ಯಸ್ಥೆ ಆ ಆರು ಪುಟವನ್ನು ಓದಿ, "ಸರಿ ಅಕ್ಕ, ನೀವು ಹೇಳಿದ ಹಾಗೇ ಆಗಲಿ," ಎಂದರು.

ಕಂಪನಿಯವರನ್ನು ಕರೆಸಿದಾಗ ಮೇಜಿನ ಒಂದು ಕಡೆ ಸಾಹೇಬರೂ ಅವರ ಮೇಲಿನವರೂ ಕೂತರು. ಇನ್ನೊಂದು ಕಡೆ ಹೊಲಿಗೆಯಕ್ಕನ ಪಕ್ಕದಲ್ಲಿ ಚಿಕ್ಕಮ್ಮ. ಹೊಲಿಗೆಯಕ್ಕ ಸುತ್ತಿ ಬಳಸಲಿಲ್ಲ. ಇಂಥ ಕೋಣೆಗಳಲ್ಲಿ ಹೊಲಿಯುವ ಒಬ್ಬಳನ್ನು ಕೈಬಿಟ್ಟರೂ ಕೆಂಪು, ಕಾರಣ ಸಂಸ್ಥೆಯ ಪ್ರಕಟಣೆಯ ಮೊದಲ ಪುಟದಲ್ಲಿ. ಎಲ್ಲರನ್ನೂ ಕಂಪನಿಯ ಪಟ್ಟಿಗೆ ಸೇರಿಸಿ, ಅಂಟು ಬದಲಿಸಿ, ಗಾಳಿಯಾಡುವ ಜಾಗ ಕೊಟ್ಟರೆ ಮರುಪರೀಕ್ಷೆ. ಮೇಲಿನವರು ಇದು ಗುತ್ತಿಗೆದಾರನಿಗೆ ಬಿಟ್ಟ ವಿಷಯ ಎಂದು ರಾಗ ತೆಗೆದರು.

ಆಗ ಚಿಕ್ಕಮ್ಮ ಎದ್ದು, ಎದುರಿಗಿದ್ದ ಹೊಸ ಶೂವನ್ನು ಕೈಗೆತ್ತಿಕೊಂಡಳು.

"ಇದು ನನ್ನ ಹೊಲಿಗೆ. ಸಾವಿರ ಜೊತೇಲಿ ಬೆರೆಸಿಟ್ರೂ ಗುರುತು ಹಿಡೀತೀನಿ. ನಿಮ್ಮ ಹೆಸರು ಇದರ ಮೇಲಿದೆ, ನನ್ನ ಹೆಸರು ಎಲ್ಲೂ ಇಲ್ಲ. ನಾನು ನಿಮ್ಮವಳಲ್ಲ ಅಂದ್ರೆ ಈ ಶೂ ಯಾರದ್ದು ಸ್ವಾಮಿ?"

ಅದಕ್ಕೆ ಬಾಯಿಬಿಟ್ಟವರು ಮೇಲಿನವರಲ್ಲ, ಸೂಟಿನ ಸಾಹೇಬರು. ಇದನ್ನು ಸರಿಮಾಡದಿದ್ದರೆ ನಾಳೆಯಿಂದ ತಾವು ಈ ಕೆಲಸದಲ್ಲಿರುವುದಿಲ್ಲ ಎಂದು ತಮ್ಮವರ ಮುಂದೆಯೇ ಹೇಳಿಬಿಟ್ಟರು. ಅಷ್ಟು ಧೈರ್ಯ ಅವರಿಗೆ ಇದೆಯೆಂದು ಹೊಲಿಗೆಯಕ್ಕ ಎಣಿಸಿರಲಿಲ್ಲ.

ಏಳು ತಿಂಗಳು ಹಿಡಿಯಿತು. ಸಾಹೇಬರು ಬೀದಿ ಬೀದಿ ಅಲೆದು ಮುನ್ನೂರ ಹದಿನಾಲ್ಕು ಹೆಂಗಸರ ಹೆಸರು ಬರೆದರು. ಅಷ್ಟೂ ಜನರಿಗೆ ಫೋಟೋ ಇರುವ ಕಂಪನಿಯ ಗುರುತಿನ ಚೀಟಿ ಬಂತು, ವೈದ್ಯರ ತಪಾಸಣೆಯಾಯಿತು. ನೀರಿನಲ್ಲಿ ಕಲಸುವ, ಘಾಟಿಲ್ಲದ ಅಂಟು ಬಂತು. ಡಿಪೋದ ಹಿಂದಿನ ಹಳೆಯ ಗೋದಾಮು ಹೊಲಿಗೆಯ ಹಜಾರವಾಯಿತು, ಎಂಜಿನಿಯರ್ ಹುಡುಗಿ ನಿಂತು ಕಿಟಕಿಗಳನ್ನು ಇಡಿಸಿದಳು. ಸಂಸ್ಥೆ ಕೊಟ್ಟದ್ದು ಹಳದಿ. ಹಸಿರು ಸಿಗುವುದೇನೋ ಎಂದು ಸಾಹೇಬರು ಆಸೆಯಿಂದ ನೋಡಿದಾಗ, ಬರುವ ವರ್ಷ ಕೇಳಿ, ಆಗ ನೋಡೋಣ ಎಂದಳು ಹೊಲಿಗೆಯಕ್ಕ.

ಹಜಾರ ತೆರೆದ ದಿನ ಹೆಂಗಸರು ಹೊಸ ಸೀರೆ, ಹೊಸ ಅಂಗಿ ತೊಟ್ಟು ಮದುವೆಮನೆಗೆ ಬಂದಂತೆ ಬಂದರು. ಕೊರಳಲ್ಲಿ ಚೀಟಿ. ಹೊಲಿಗೆಯಕ್ಕ ಒಳಗೆ ಕಾಲಿಡುವಾಗ ಚಿಕ್ಕಮ್ಮ ಆಗಲೇ ಮೇಸ್ತ್ರಿಯ ಜೊತೆ ಜಗಳಕ್ಕೆ ನಿಂತಿದ್ದಳು. ಕುರ್ಚಿಗಳು ಎತ್ತರವಾದವು, ಗಿಡ್ಡನೆಯವರ ಕಾಲು ನೆಲಕ್ಕೆ ಎಟುಕುವುದಿಲ್ಲ ಎಂಬುದು ತಕರಾರು. ಮೇಸ್ತ್ರಿ ಅದಕ್ಕೆ ಮೇಲಿನಿಂದ ಅಪ್ಪಣೆ ಬೇಕೆಂದ. ಚಿಕ್ಕಮ್ಮ ಕೊರಳ ಚೀಟಿಯನ್ನು ಅವನ ಮೂಗಿನ ಹತ್ತಿರ ಹಿಡಿದು, ತಾನೂ ಈಗ ಕಂಪನಿಯವಳೇ, ಅಪ್ಪಣೆ ಕೊಟ್ಟಾಯಿತು ಎಂದಳು. ಹಜಾರಕ್ಕೆ ಹಜಾರವೇ ಗೊಳ್ಳೆಂದು ನಕ್ಕಿತು. ಮೇಸ್ತ್ರಿಯೂ ನಗು ತಡೆಯಲಾರದೆ ಕುರ್ಚಿಯ ಬೋಲ್ಟು ಸಡಿಲಿಸುವ ಪಾನಾ ತರಲು ಹೋದ.