ಟಿವಿ ಬಂದ ಮೇಲೆ ನನ್ನ ಪಾಡು

ನಾನು ಒಂದು ಟೇಪ್ ರೆಕಾರ್ಡರ್. ಕಾರ್ಖಾನೆಯಲ್ಲಿ ನನ್ನ ಕೊನೆಯ ಸ್ಕ್ರೂ ಬಿಗಿದವನು ಒಂದು ಹಾಡು ಹಾಕಿ ನೋಡಿ, ದನಿ ಚೆನ್ನಾಗಿದೆ ಎಂದ. ಆ ಮಾತು ನನ್ನ ತಲೆಗೇರಿತು.

ನನ್ನನ್ನು ಕೊಂಡು ತಂದವರು ನೇಕಾರರ ಊರೊಂದರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ವಿಮಲಾ. ಮಕ್ಕಳು ಅವರನ್ನು ಅಕ್ಕೋರು ಎನ್ನುತ್ತಿದ್ದರು. ಅವರು ಗುಂಡಿ ಒತ್ತಿದರೆ ನಾನು ಇಂಗ್ಲಿಷ್ ಮಾತಾಡುತ್ತಿದ್ದೆ. ಇಡೀ ತರಗತಿ ನಾನು ಹೇಳಿದ್ದನ್ನೇ ಹೇಳುತ್ತಿತ್ತು. ಮುಂದಿನ ಬೆಂಚಿನ ದಾನಮ್ಮ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ.

"ಬಾಯಾಗ ಕಡಬು ಇಟ್ಕೊಂಡೀಯೇನು?" ಎಂದು ಅಕ್ಕೋರು ಗದರುತ್ತಿದ್ದರು. ಅವಳು ತಲೆ ತಗ್ಗಿಸುತ್ತಿದ್ದಳು. ನನಗೂ ಅವಳ ಮೇಲೆ ಸಿಟ್ಟಿತ್ತು.

ಆಮೇಲೆ ಟಿವಿ ಬಂತು. ನನ್ನನ್ನು ಮೇಜಿನಿಂದ ಎತ್ತಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಅಕ್ಕೋರು ಅದರಲ್ಲಿ ದಾರಿ ತಪ್ಪಿದ ಆನೆಮರಿಯ ಚಿತ್ರವೊಂದನ್ನು ಹಾಕಿದರು. ಮೊದಲು ಕನ್ನಡಕ್ಕೆ ಡಬ್ ಮಾಡಿದ್ದು. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನು ವರ್ಷಗಟ್ಟಲೆ ಗಂಟಲು ಹರಿದುಕೊಂಡರೂ ಒಬ್ಬರೂ ಹಾಗೆ ನಕ್ಕಿರಲಿಲ್ಲ. ಕಥೆ ಮನಸ್ಸಿಗೆ ಹತ್ತಿದ ಮೇಲೆ ಅದೇ ಚಿತ್ರ ಇಂಗ್ಲಿಷಿನಲ್ಲಿ, ಕೆಳಗೆ ಕನ್ನಡ ಅಕ್ಷರಗಳು. ಕೊನೆಗೆ ಮಾತೂ ಇಂಗ್ಲಿಷ್, ಅಕ್ಷರವೂ ಇಂಗ್ಲಿಷ್. ಟಿವಿಗೆ ಮುಖವಿತ್ತು, ಬಣ್ಣವಿತ್ತು, ಅಕ್ಷರವಿತ್ತು. ನನಗಿದ್ದದ್ದು ದನಿಯೊಂದೇ. ಆ ಟಿವಿ ಸುಟ್ಟುಹೋಗಲಿ ಎಂದು ದಿನವೂ ಹಾರೈಸಿದೆ.

ಒಂದು ಮಧ್ಯಾಹ್ನ ಚಿತ್ರ ಓಡುತ್ತಿರುವಾಗಲೇ ಟಿವಿಯ ದನಿ ನಿಂತಿತು. ನನಗೆ ಖುಷಿಯೋ ಖುಷಿ.

"ಅಕ್ಕೋರ, ಆವಾಜ್ ಬರವಲ್ದು," ಎಂದು ಮಕ್ಕಳು ಗದ್ದಲವೆಬ್ಬಿಸಿದರು. ಆ ಗದ್ದಲದ ನಡುವೆ ದಾನಮ್ಮ ಪರದೆಯ ಮೇಲೆ ಕಣ್ಣು ನೆಟ್ಟು, ಇಂಗ್ಲಿಷ್ ಸಾಲುಗಳನ್ನು ತುಟಿಯಾಡಿಸುತ್ತ ತನ್ನಷ್ಟಕ್ಕೆ ತಾನು ಓದುತ್ತಲೇ ಇದ್ದಳು. ದನಿ ನಿಂತದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಅಕ್ಕೋರು ಹಿಂದಿನಿಂದ ಅವಳ ಹೆಸರು ಕರೆದರು. ಮತ್ತೆ ಕರೆದರು. ಭುಜ ಮುಟ್ಟಿದಾಗಲಷ್ಟೇ ಅವಳು ತಿರುಗಿದಳು. ಅಕ್ಕೋರು ಅವಳೆದುರು ಕೂತು ನಿಧಾನವಾಗಿ ಕೇಳಿದರು: "ನಿನಗ ಕಿವಿ ಕೇಳಸಂಗಿಲ್ಲೇನವ್ವಾ? ಯಾಕ ಹೇಳಲಿಲ್ಲ?"

ದಾನಮ್ಮ ಅವರ ತುಟಿಗಳನ್ನೇ ನೋಡುತ್ತಿದ್ದಳು. "ಹೇಳಿದರ ಸಾಲಿ ಬಿಡಿಸಿ ಮಗ್ಗಕ್ಕ ಕುಂದ್ರಸ್ತಾರ್ರೀ."

ಅಕ್ಕೋರು ಅವತ್ತು ಸಂಜೆಯೇ ಅವಳ ಮನೆಗೆ ಹೋದರು. ಏನು ಮಾತಾಡಿದರೋ ಗೊತ್ತಿಲ್ಲ. ಮರುದಿನ ದಾನಮ್ಮ ಶಾಲೆಗೆ ಬಂದಳು. ಪರದೆಯ ಸಾಲುಗಳನ್ನು ತರಗತಿಗೆ ಜೋರಾಗಿ ಓದಿ ಹೇಳುವ ಕೆಲಸ ಅಂದಿನಿಂದ ಅವಳದಾಯಿತು. ಉಚ್ಚಾರ ತಪ್ಪಿದರೆ ಅಕ್ಕೋರು ತಮ್ಮ ತುಟಿ ತೋರಿಸಿ ತಿದ್ದುತ್ತಿದ್ದರು.

ಈಗ ನನಗೂ ಮುಪ್ಪು, ಟಿವಿಗೂ ಮುಪ್ಪು. ಇಬ್ಬರೂ ಶಾಲೆಯ ಸಾಮಾನು ಕೋಣೆಯಲ್ಲಿ ಪಕ್ಕಪಕ್ಕ ಕೂತಿದ್ದೇವೆ. ಹೋದ ತಿಂಗಳು ದಾನಮ್ಮ ಬಂದಿದ್ದಳು. ಕಿವಿಗೆ ಯಂತ್ರ ಹಾಕಿಕೊಂಡಿದ್ದಳು. ಇನ್ನೊಂದು ಊರಿನಲ್ಲಿ ಟೀಚರಂತೆ. ಟಿವಿಯ ಮುಂದೆ ಕೂತು ಸೆರಗಿನಿಂದ ಅದರ ಗಾಜು ಒರೆಸಿದಳು. ನನ್ನ ಕಡೆ ನೋಡಲೇ ಇಲ್ಲ.

ಹೊಟ್ಟೆಕಿಚ್ಚಾಯಿತು, ಈ ವಯಸ್ಸಿನಲ್ಲೂ. ಆದರೆ ಅವಳನ್ನು ದೂರಲಾರೆ. ಅಷ್ಟು ದಿನ ಅವಳ ಎದುರಿಗೇ ಕೂತು ಮಾತಾಡಿದೆ. ಒಂದು ಮಾತೂ ಅವಳಿಗೆ ಮುಟ್ಟಿರಲಿಲ್ಲ.