ಗದ್ದದ ಮೂರನೇ ಚುಕ್ಕಿ

ಗೋಳಗುಮ್ಮಟದ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಆಮ್ರಪಾಲಿ ಫೋಟೋ ತಿದ್ದುವುದನ್ನು ಕಲಿತು ಇನ್ನೂ ಹದಿನೈದು ದಿನ ಆಗಿರಲಿಲ್ಲ, ಆಗಲೇ ಕೈ ತುರಿಸುತ್ತಿತ್ತು. ಪುಕ್ಕಟೆ ಸಿಗುವ ಸಾಫ್ಟ್‌ವೇರ್, ಕೇಳುವವರು ಯಾರು? ಮಾಲೀಕರ ಮಗಳ ಹುಟ್ಟುಹಬ್ಬದ ಮಬ್ಬು ಫೋಟೋಗಳಿಗೆ ಬೆಳಕು ಕೊಟ್ಟಳು. ಆಮೇಲೆ ಮನೆಯ ಟ್ರಂಕಿನ ತಳದಲ್ಲಿದ್ದ ಹಳೆಯ ಫೋಟೋಗೇ ಕೈ ಹಾಕಿದಳು.

ಅದರಲ್ಲಿದ್ದವರು ಅವಳ ಅವ್ವ ಮಾಳವ್ವ ಮತ್ತು ಅವ್ವನ ತಂಗಿ ಸಾವಂತ್ರವ್ವ. ಹುಡುಗಿಯರಾಗಿದ್ದಾಗ ಬಬಲೇಶ್ವರದ ಸ್ಟುಡಿಯೋದಲ್ಲಿ ತೆಗೆಸಿದ್ದು. ಗಂಡನ ಜೊತೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದ ಸಾವಂತ್ರವ್ವನ ಸುದ್ದಿಯಿಲ್ಲದೆ ಇಪ್ಪತ್ತೆರಡು ವರ್ಷ ಆಗಿತ್ತು.

"ಆಕಿ ಇದ್ದಾಳೋ ಇಲ್ಲೋ, ಅಷ್ಟ ಗೊತ್ತಾದ್ರ ಸಾಕವಾ," ಎಂದು ಮಾಳವ್ವ ಊಟಕ್ಕೆ ಕೂತಾಗೆಲ್ಲ ಅನ್ನುವಳು.

ಅವ್ವನಿಗೆ ಹೇಳದೆ ಫೋಟೋ ಸ್ಕ್ಯಾನ್ ಮಾಡಿದಳು. ಹರಿದ ಅಂಚು ಕತ್ತರಿಸಿ, ಮಬ್ಬು ತೆಗೆದು, ಬೂಷ್ಟಿನ ಕಲೆಗಳನ್ನು ಒಂದೊಂದಾಗಿ ಅಳಿಸಿದಳು. ಮುಖಗಳು ತೊಳೆದ ಮುತ್ತಿನಂತಾದವು. ಕಬ್ಬು ಕಡಿಯುವ ಆಳುಗಳ ಗ್ಯಾಂಗು ಕಟ್ಟುವ ತಿಕೋಟಾದ ಬಾಬು ಅದನ್ನು ತನಗೆ ಗೊತ್ತಿದ್ದ ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿದ. ಒಂದು ತಿಂಗಳು ಕಾದರೂ ಯಾರೂ ಗುರುತು ಹೇಳಲಿಲ್ಲ.

ಸೋತು ಸುಣ್ಣವಾದ ಆಮ್ರಪಾಲಿ ಕೊನೆಗೆ ತಿದ್ದಿದ ಫೋಟೋವನ್ನು ಅವ್ವನ ಮುಂದೆ ಇಟ್ಟಳು. ಮಾಳವ್ವ ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

"ಇವರ‍್ಯಾರು? ನಮ್ಮ ಹಚ್ಚಿ ಎಲ್ಲಿ ಹೋತು?"

ಆಮ್ರಪಾಲಿ ಅವ್ವನ ಗದ್ದ ನೋಡಿದಳು. ದಿನ ಬೆಳಗಾದರೆ ಕಣ್ಣಿಗೆ ಬೀಳುವ ಹಚ್ಚೆಯ ಮೂರು ಚುಕ್ಕಿ. ಅದನ್ನೂ ಬೂಷ್ಟೆಂದು ಒರೆಸಿ ಹಾಕಿದ್ದಳು, ಶಾಣ್ಯಾಕಿ. ನಾಚಿಕೆಯಿಂದ ಅವಳಿಗೆ ಅಳುವೇ ಬಂತು.

"ಮಾರಿ ಮುದುಕಾಗ್ತೈತಿ, ಹಚ್ಚಿ ಆಗೂದಿಲ್ಲ," ಎಂದಳು ಮಾಳವ್ವ. "ಸಾವಂತ್ರಿದು ಮೂರನೇ ಚುಕ್ಕಿ ಸೊಟ್ಟ ಐತಿ. ಚುಚ್ಚುವಾಗ ಒದ್ದಾಡಿದ್ಲು."

ಮರುದಿನ ಮಾಳವ್ವನೇ ಅಂಗಡಿಗೆ ಬಂದು ಕಂಪ್ಯೂಟರಿನ ಮುಂದೆ ಕೂತಳು. ಆಮ್ರಪಾಲಿ ಹಳೆಯ ಫೋಟೋವನ್ನು ಮತ್ತೆ ಸ್ಕ್ಯಾನ್ ಮಾಡಿದಳು. "ಯವ್ವಾ, ಇದು ಡಾಗೋ, ಹಚ್ಚಿನೋ?" ಎಂದು ಮಗಳು ಒಂದೊಂದಕ್ಕೂ ಕೇಳಿದಳು, ಅವ್ವ ಕಲೆ ಅಂದದ್ದನ್ನಷ್ಟೇ ಅಳಿಸಿದಳು. ಸಾವಂತ್ರವ್ವನ ಮುಖವನ್ನು ಬೇರೆಯಾಗಿ ದೊಡ್ಡದು ಮಾಡಿ, ಗದ್ದ ಸ್ಪಷ್ಟ ಕಾಣುವಂತೆ ಸ್ವಲ್ಪ ಬೆಳಕು ಕೊಟ್ಟಳು. ಬಾಬು ಮತ್ತೆ ಕಳಿಸಿದ.

ನಾಲ್ಕನೇ ದಿನ ಸಾಂಗ್ಲಿ ಕಡೆಯ ಹಳ್ಳಿಯೊಂದರಿಂದ ಆಮ್ರಪಾಲಿಯ ಮೊಬೈಲಿಗೆ ವಿಡಿಯೋ ಕಾಲ್ ಬಂತು. ಅವಳು ಅದನ್ನು ಅವ್ವನ ಮುಂದೆ ಹಿಡಿದಳು. ತೆರೆಯ ಮೇಲೆ ನರೆತ ತಲೆ, ಸುಕ್ಕು ಕೆನ್ನೆ. ಮಾಳವ್ವ ಹೆಸರು ಕೇಳಲಿಲ್ಲ.

"ಗದ್ದ ಎತ್ತಬೇ," ಎಂದಳು.

ಆ ಹೆಂಗಸು ಸೆರಗು ಸರಿಸಿ ಗದ್ದ ಎತ್ತಿದಳು. ಎರಡು ಚುಕ್ಕಿ ನೆಟ್ಟಗೆ, ಮೂರನೆಯದು ಸೊಟ್ಟ.

"ಸಣ್ಣವರಿದ್ದಾಗಿಂದ ನಾ ಒದ್ದಾಡಿದೆ ಅಂತ ಎಲ್ಲಾರಿಗೂ ಹೇಳ್ಕೋತ ಬಂದಿಯಲ್ಲ ಅಕ್ಕಾ," ಎಂದಳು ಸಾವಂತ್ರವ್ವ. "ನನ್ನ ತಲಿ ಗಟ್ಟಿ ಹಿಡಿ ಅಂದ್ರ ನಕ್ಕೋಂತ ಕೈ ಬಿಟ್ಟಾಕಿ ನೀನು."

ಮಾಳವ್ವನ ಕಣ್ಣೀರು ಮೊಬೈಲಿನ ಮೇಲೆ ಬಿತ್ತು. ಅದನ್ನು ಸೆರಗಿನಿಂದ ಒರೆಸಿ, ಎರಡೂ ಕೈಯಲ್ಲಿ ಮೊಬೈಲನ್ನು ಬಿಗಿಯಾಗಿ ಹಿಡಿದಳು.

"ಈಗ ಬಿಡೂದಿಲ್ಲ. ನಿನ್ನ ಊರ ಹೆಸರು ಹೇಳು, ನಾಳಿ ಬಸ್ಸಿಗೆ ಬರ್ತೀನಿ."